ಅನುಮತಿ ನಿರಾಕರಿಸಿದ ಆ ಒಂದು ಹಾಳೆ: ನಮ್ಮ ಸಂಸದರಿಗೆ ಬಹಿರಂಗ ಪತ್ರ

ಗೆ,
ಮೈಸೂರು–ಕೊಡಗು, ಮಂಡ್ಯ ಹಾಗೂ ಚಾಮರಾಜನಗರ ಕ್ಷೇತ್ರಗಳ ಲೋಕಸಭಾ ಸದಸ್ಯರಿಗೆ

ಮಾನ್ಯರೇ,

2021ರ ಡಿಸೆಂಬರ್ 4, ಶನಿವಾರ ಸಂಜೆ. ನಾಗಾಲ್ಯಾಂಡಿನ ಮೋನ್ ಜಿಲ್ಲೆಯ ತಿರು ಕಡೆಯಿಂದ ಓಟಿಂಗ್ ಹಳ್ಳಿಗೆ ಒಂದು ಪಿಕಪ್ ಹೊರಟಿತ್ತು. ಅದರಲ್ಲಿ ಎಂಟು ಜನ. ಕಲ್ಲಿದ್ದಲು ಗಣಿಯ ಕೂಲಿಗಳು, ಭಾನುವಾರಕ್ಕೆ ಮನೆ ಸೇರುವ ಆತುರ. ಬಂಡುಕೋರರು ಇದೇ ದಾರಿಯಲ್ಲಿ ಬರುತ್ತಾರೆಂಬ ಸುಳಿವಿನ ಮೇಲೆ ಹೊಂಚು ಹಾಕಿ ಕೂತಿದ್ದ ಸೇನೆಯ ವಿಶೇಷ ಪಡೆ ಗುಂಡು ಹಾರಿಸಿತು. ಆರು ಜನ ಸತ್ತರು. ಹುಡುಕಿಕೊಂಡು ಬಂದ ಊರವರಿಗೂ ಪಡೆಗೂ ನಡೆದ ಘರ್ಷಣೆಯಲ್ಲಿ ಇನ್ನೂ ಏಳು ಗ್ರಾಮಸ್ಥರು ಮತ್ತು ಒಬ್ಬ ಯೋಧ, ಮರುದಿನ ಮೋನ್ ಪಟ್ಟಣದಲ್ಲಿ ಮತ್ತೊಬ್ಬ ನಾಗರಿಕ ಸತ್ತರು. ರಾಜ್ಯದ ವಿಶೇಷ ತನಿಖಾ ತಂಡ ಆರು ತಿಂಗಳಲ್ಲಿ ಕೆಲಸ ಮುಗಿಸಿ, 2022ರ ಜೂನ್‌ನಲ್ಲಿ 30 ಸೇನಾ ಸಿಬ್ಬಂದಿಯ ಮೇಲೆ ಆರೋಪಪಟ್ಟಿ ಹಾಕಿತು. 2023ರಲ್ಲಿ ಕೇಂದ್ರ ಸರ್ಕಾರ ಪ್ರಾಸಿಕ್ಯೂಷನ್‌ಗೆ, ಅಂದರೆ ಅವರ ಮೇಲೆ ಕೋರ್ಟಿನಲ್ಲಿ ಮೊಕದ್ದಮೆ ನಡೆಸಲು, ಕಾನೂನಿನಂತೆ ಬೇಕಾದ ಅನುಮತಿ ಕೊಡಲಿಲ್ಲ. 2024ರ ಸೆಪ್ಟೆಂಬರ್ 17ರಂದು ಸುಪ್ರೀಂ ಕೋರ್ಟ್ ತನ್ನ ಮುಂದಿದ್ದ ಕಲಾಪ ಮುಗಿಸಿತು. ಅನುಮತಿ ಸಿಕ್ಕರೆ ಪ್ರಕರಣ ಮುಂದುವರಿಯಬಹುದು ಎಂದಿತು.

ಸಿಕ್ಕರೆ. ಈ ಪತ್ರ ಬರೆದಿರುವುದು ಆ ಒಂದು ಪದದ ಬಗ್ಗೆ.

ನಾಗಾಲ್ಯಾಂಡಿನ ಮಾತು ಮೈಸೂರಿನವರಿಗೇಕೆ ಎಂದು ನೀವು ಕೇಳಬಹುದು. ಮಲೆ ಮಹದೇಶ್ವರ ಬೆಟ್ಟ 1997ರವರೆಗೂ ಮೈಸೂರು ಜಿಲ್ಲೆಯಲ್ಲೇ ಇತ್ತು. 1993ರ ಏಪ್ರಿಲ್ 9ರಂದು ಪಾಲಾರ್ ಬಳಿ ವೀರಪ್ಪನ್ ತಂಡ ನೆಲಬಾಂಬ್ ಸಿಡಿಸಿ 22 ಜನರನ್ನು ಕೊಂದಿತು. ಆಮೇಲೆ ಬೆಟ್ಟದ ಸುತ್ತಲಿನ ಹಳ್ಳಿಗಳಲ್ಲಿ ನಡೆದ ಬೇಟೆಯಲ್ಲಿ ‘ವರ್ಕ್‌ಶಾಪ್’ ಎಂಬ ಮಾತಿಗೆ ಹೊಸ ಅರ್ಥ ಬಂತು. ವೀರಪ್ಪನ್ ಬೇಟೆಯ ಪೊಲೀಸ್ ವಿಶೇಷ ಕಾರ್ಯಪಡೆ ಜನರನ್ನು ಹಿಡಿದು ತಂದು ಹಿಂಸಿಸುತ್ತಿದ್ದ ಜಾಗವನ್ನು ಬೆಟ್ಟದವರು ಹಾಗೆ ಕರೆಯುತ್ತಿದ್ದರು. ಭಯೋತ್ಪಾದನೆ ತಡೆಯ ಆಗಿನ ಕಾಯ್ದೆಯಾದ ಟಾಡಾ ಅಡಿಯ ಪ್ರಕರಣಗಳ ವಿಚಾರಣೆ ನಡೆದದ್ದು ಇದೇ ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ. ವರ್ಷಗಟ್ಟಲೆ ಜೈಲಿನಲ್ಲಿದ್ದವರಲ್ಲಿ ಬಹುಪಾಲು ಜನ 2001ರಲ್ಲಿ ಖುಲಾಸೆಯಾದರು. ತಪ್ಪಿತಸ್ಥರೆಂದು ತೀರ್ಮಾನವಾದವರಲ್ಲಿ ನಾಲ್ವರಿಗೆ 2004ರಲ್ಲಿ ಸುಪ್ರೀಂ ಕೋರ್ಟ್ ಗಲ್ಲು ವಿಧಿಸಿತು, 2014ರಲ್ಲಿ ಅದನ್ನು ಜೀವಾವಧಿಗೆ ಇಳಿಸಿತು. ಸರಿಯೋ ತಪ್ಪೋ, ಆ ಬದಿಯ ಕಡತ ಕೊನೆಯ ಪುಟದವರೆಗೆ ಹೋಯಿತು.

ಇನ್ನೊಂದು ಬದಿಯ ಕಡತದ ಗತಿ ಬೇರೆ. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 1999ರಲ್ಲಿ ನ್ಯಾಯಮೂರ್ತಿ ಎ.ಜೆ. ಸದಾಶಿವ ಅವರ ಸಮಿತಿ ರಚಿಸಿತು. ಹಳ್ಳಿಯವರು ಬಂದು ಸಾಕ್ಷ್ಯ ಹೇಳಿದರು. 2007ರಲ್ಲಿ ಆಯೋಗ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರ ಕೊಡಿಸಲು ಹೇಳಿತು. ಭಾಗಿಸಿ ನೋಡಿ, ತಲೆಗೆ ಮೂರು ಲಕ್ಷ ಚಿಲ್ಲರೆ. ಆ ವರದಿ ಹಿಡಿದು ಯಾರಿಗೂ ಶಿಕ್ಷೆಯಾಗಲಿಲ್ಲ.

ಹಾಗೆಂದು ಇದು ಯೋಧರ ವಿರುದ್ಧದ ಪತ್ರ ಅಂದುಕೊಳ್ಳಬೇಡಿ. ಪುಲ್ವಾಮಾದಲ್ಲಿ ಸತ್ತ 40 ಸಿಆರ್‌ಪಿಎಫ್ ಯೋಧರಲ್ಲಿ ಒಬ್ಬರು ಮದ್ದೂರು ತಾಲ್ಲೂಕಿನ ಗುಡಿಗೆರೆಯವರು. ಪಹಲ್ಗಾಮ್‌ನಲ್ಲಿ ಸತ್ತ 26 ಜನರಲ್ಲಿ ಕನ್ನಡಿಗರಿದ್ದರು. ಭಯೋತ್ಪಾದಕರು ನಾಗರಿಕರನ್ನು ಕೊಲ್ಲುವುದು ಯಾವ ಕಾನೂನಿನಲ್ಲಿ ನೋಡಿದರೂ ಅಪರಾಧವೇ, ಅದಕ್ಕೆ ಟಿಪ್ಪಣಿ ಬೇಕಿಲ್ಲ. ತಗಾದೆ ಇರುವುದು ಸರ್ಕಾರದ ಪಡೆಗಳು ಗುರಿ ತಪ್ಪಿದಾಗ ಏನು ನಡೆಯಬೇಕು, ಏನು ನಡೆಯುತ್ತಿಲ್ಲ ಎಂಬುದರ ಬಗ್ಗೆ.

ಮೊದಲು ಕಾನೂನು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಇಲ್ಲಿ ಎರಡು ದಾರಿ ಕವಲೊಡೆಯುತ್ತವೆ. ಯುದ್ಧದಂಥ ಸಶಸ್ತ್ರ ಸಂಘರ್ಷ ನಡೆಯುತ್ತಿದ್ದರೆ 1949ರ ಜಿನೀವಾ ಒಪ್ಪಂದಗಳು ಅನ್ವಯಿಸುತ್ತವೆ. ದೇಶದೊಳಗಿನ ಸಂಘರ್ಷಕ್ಕೆ ನಾಲ್ಕೂ ಒಪ್ಪಂದಗಳಲ್ಲಿ ಸಮಾನವಾಗಿರುವ 3ನೇ ವಿಧಿ ಇದೆ. ಅಲ್ಲಿ ಹೋರಾಟಗಾರನನ್ನು ಕಂಡಲ್ಲಿ ಹೊಡೆಯಬಹುದು, ನಾಗರಿಕನನ್ನು ಗುರಿಯಾಗಿಸುವಂತಿಲ್ಲ. ದಾಳಿಯಿಂದ ನಾಗರಿಕರಿಗೆ ಆಗುವ ಹಾನಿ ಸಿಗುವ ಸೈನಿಕ ಲಾಭಕ್ಕಿಂತ ವಿಪರೀತವಾಗಬಾರದು. ಗುರಿಯ ಬಗ್ಗೆ ಅನುಮಾನವಿದ್ದರೆ ಮೊದಲು ಪರಿಶೀಲಿಸಬೇಕು, ಸುಳ್ಳೆಂದು ತಿಳಿದರೆ ಕೈಬಿಡಬೇಕು. ಸಂಘರ್ಷವಿಲ್ಲ, ಇದು ಕಾನೂನು–ಸುವ್ಯವಸ್ಥೆಯ ವಿಷಯ ಅಂದರೆ ನಿಯಮ ಇನ್ನೂ ಬಿಗಿ. ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಅಂತರರಾಷ್ಟ್ರೀಯ ಒಡಂಬಡಿಕೆಯ 6ನೇ ವಿಧಿಯ ಪ್ರಕಾರ ಯಾರ ಜೀವವನ್ನೂ ಮನಸ್ಸಿಗೆ ಬಂದಂತೆ ತೆಗೆಯುವಂತಿಲ್ಲ. ಭಾರತ 1979ರಲ್ಲೇ ಇದನ್ನು ಒಪ್ಪಿದೆ. 1990ರಲ್ಲಿ ಹವಾನಾದಲ್ಲಿ ಒಪ್ಪಿಕೊಂಡ ವಿಶ್ವಸಂಸ್ಥೆಯ ಮೂಲ ತತ್ವಗಳು ಇನ್ನೂ ಬಿಡಿಸಿ ಹೇಳುತ್ತವೆ: ತಾನು ಯಾರೆಂದು ಹೇಳು, ಎಚ್ಚರಿಕೆ ಕೊಡು, ಪಾಲಿಸಲು ಸಮಯ ಕೊಡು, ಜೀವ ಉಳಿಸಲು ಬೇರೆ ದಾರಿಯೇ ಇಲ್ಲದಿದ್ದರೆ ಮಾತ್ರ ಜೀವ ಹೋಗುವಂತೆ ಗುಂಡು ಹಾರಿಸು.

ನಮ್ಮ ಸರ್ಕಾರಗಳು, ಪಕ್ಷ ಯಾವುದೇ ಇರಲಿ, ದೇಶದೊಳಗೆ ಎಲ್ಲೂ ಸಶಸ್ತ್ರ ಸಂಘರ್ಷವಿಲ್ಲ ಎಂದೇ ಹೇಳುತ್ತ ಬಂದಿವೆ. ಸೇನೆ ಇರುವುದು ನಾಗರಿಕ ಆಡಳಿತದ ನೆರವಿಗೆ ಎಂಬುದು ಕಾಗದದ ಮೇಲಿನ ನಿಲುವು. ಒಪ್ಪೋಣ. ಹಾಗಾದರೆ ಓಟಿಂಗ್ ರಸ್ತೆಯಲ್ಲಿ ಅನ್ವಯಿಸಬೇಕಾದದ್ದು ಪೊಲೀಸ್ ನಿಯಮ. ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಯ 4ನೇ ಸೆಕ್ಷನ್ ಕೂಡ ಎಚ್ಚರಿಕೆ ಕೊಟ್ಟು, ಆಯುಧ ಅಥವಾ ಗುಂಪುಗೂಡುವಿಕೆ ನಿಷೇಧ ಮುರಿದವರ ಮೇಲೆ ಬಲ ಬಳಸಲು ಅಧಿಕಾರ ಕೊಡುತ್ತದೆಯೇ ಹೊರತು, ನಿಲ್ಲದೆ ಹೋದ ಗಾಡಿಗೆ ಗುಂಡು ಹೊಡೆಯಲು ಅಲ್ಲ. ನಿಲ್ಲಲು ಸೂಚಿಸಿದಾಗ ವಾಹನ ವೇಗ ಹೆಚ್ಚಿಸಿತು ಎಂದು ಗೃಹ ಸಚಿವರು ಡಿಸೆಂಬರ್ 6ರಂದು ಸಂಸತ್ತಿನಲ್ಲಿ ಹೇಳಿದರು. ಗುಂಡೇಟು ತಿಂದು ಬದುಕಿ ಉಳಿದವರು ಯಾವ ಸೂಚನೆಯೂ ಇರಲಿಲ್ಲ ಎಂದರು. ಇದು ಸಾಕ್ಷಿ ಕಟ್ಟೆಯಲ್ಲಿ ಇತ್ಯರ್ಥವಾಗಬೇಕಾದ ಪ್ರಶ್ನೆ. ಆದರೆ ಕಟ್ಟೆ ಹತ್ತಲು ಅನುಮತಿ ಬೇಕು! ಯುದ್ಧವಲ್ಲ, ಆದ್ದರಿಂದ ಜಿನೀವಾ ಬೇಡ. ಪೊಲೀಸರಲ್ಲ, ಆದ್ದರಿಂದ ಮಾಮೂಲಿ ಕೋರ್ಟ್ ಬೇಡ. ಸತ್ತವರ ಮನೆಯವರಿಗೆ ಅತ್ತ ದರಿ, ಇತ್ತ ಪುಲಿ.

ಇಂಥ ಸಾವುಗಳು ಹೇಗೆ ಆಗುತ್ತವೆ ಎಂಬುದು ಈಗ ಗುಟ್ಟೇನಲ್ಲ. ಹೊರದೇಶಗಳ ತನಿಖೆ, ತೀರ್ಪುಗಳನ್ನು ಓದಿದರೆ ಅದೇ ನಾಲ್ಕೈದು ತಪ್ಪುಗಳು ಮತ್ತೆ ಮತ್ತೆ ಕಾಣುತ್ತವೆ. 2021ರ ಆಗಸ್ಟ್ 29ರಂದು ಕಾಬೂಲಿನಲ್ಲಿ ಅಮೆರಿಕದ ಡ್ರೋನ್ ಒಂದು ಬಿಳಿ ಟೊಯೋಟಾ ಕೊರೊಲ್ಲಾ ಕಾರನ್ನು ಸುಮಾರು ಎಂಟು ಗಂಟೆ ಹಿಂಬಾಲಿಸಿತು. ಕಾರಿಗೆ ತುಂಬುತ್ತಿದ್ದ ನೀರಿನ ಕ್ಯಾನ್‌ಗಳು ಮೇಲಿನಿಂದ ನೋಡಿದವರಿಗೆ ಸ್ಫೋಟಕದಂತೆ ಕಂಡವು. ಕ್ಷಿಪಣಿ ಬಿತ್ತು. ಸತ್ತ ಹತ್ತೂ ಜನ ನಾಗರಿಕರು, ಅದರಲ್ಲಿ ಏಳು ಮಕ್ಕಳು. ಮೊದಲು ಧರ್ಮಸಮ್ಮತ ದಾಳಿ ಎಂದವರು ಸೆಪ್ಟೆಂಬರ್ 17ರಂದು ತಪ್ಪೊಪ್ಪಿಕೊಂಡರು. ವಾಯುಪಡೆಯ ತಪಾಸಣಾಧಿಕಾರಿ ವಿಡಿಯೊ ತಿರುವಿ ನೋಡಿದಾಗ ದಾಳಿಗೆ ಎರಡು ನಿಮಿಷ ಮೊದಲು ಅಲ್ಲೊಂದು ಮಗು ಇದ್ದದ್ದು ಕಂಡಿತು. ಒಮ್ಮೆ ‘ಇವನೇ’ ಎಂದು ತೀರ್ಮಾನಿಸಿದ ಕಣ್ಣಿಗೆ ಆಮೇಲೆ ಕಾಣುವುದೆಲ್ಲ ಅದಕ್ಕೆ ಪುರಾವೆಯಾಗುತ್ತದೆ, ಕಾಮಾಲೆ ಕಣ್ಣಿಗೆ ಲೋಕವೆಲ್ಲ ಹಳದಿ ಅನ್ನುವಂತೆ. ಯಾರ ಮೇಲೂ ಶಿಸ್ತುಕ್ರಮ ಆಗಲಿಲ್ಲ.

ಎರಡನೆಯದು ಆಯುಧದ ಆಯ್ಕೆ. 2000ದ ಫೆಬ್ರುವರಿಯಲ್ಲಿ ಚೆಚೆನ್ಯಾದ ಕತೀರ್–ಯೂರ್ತ್ ಎಂಬ ಹಳ್ಳಿಯೊಳಗೆ ಬಂಡುಕೋರರಿದ್ದಾರೆಂದು ರಷ್ಯಾದ ವಿಮಾನಗಳು 250 ಮತ್ತು 500 ಕೆ.ಜಿ. ತೂಕದ, ಗುರಿ ಹಿಡಿಯಲಾಗದ ಬಾಂಬುಗಳನ್ನು ಹಾಕಿದವು. ಅವುಗಳ ಹಾನಿಯ ವ್ಯಾಪ್ತಿ 1,000 ಮೀಟರ್‌ಗೂ ಮೀರಿದ್ದು. ಜನ ತುಂಬಿದ ಊರಿನಲ್ಲಿ ಇಂಥ ಬಾಂಬ್ ಬಳಸಿದ್ದು ಪ್ರಜಾಸತ್ತೆಯ ಕಾನೂನುಪಾಲನೆಗೆ ಹೊಂದುವುದಿಲ್ಲ ಎಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2005ರಲ್ಲಿ ಹೇಳಿತು. 2017ರ ಮಾರ್ಚ್ 17ರಂದು ಇರಾಕಿನ ಮೊಸೂಲ್‌ನಲ್ಲಿ ಮರೆಯಿಂದ ಗುಂಡು ಹಾರಿಸುವ ಇಬ್ಬರು ಸ್ನೈಪರ್‌ಗಳನ್ನು ಹೊಡೆಯಲು ಅಮೆರಿಕದ ವಿಮಾನ ಸುಮಾರು 225 ಕೆ.ಜಿ.ಯ ಒಂದು ಬಾಂಬ್ ಹಾಕಿತು. ಮನೆಯೊಳಗೆ ಮೊದಲೇ ಇಟ್ಟಿದ್ದ ಸ್ಫೋಟಕವೂ ಸೇರಿ ಸಿಡಿಯಿತು ಎಂದು ಅಮೆರಿಕ ಹೇಳಿತು. ಅದರದೇ ಲೆಕ್ಕದಲ್ಲಿ ಕೆಳಗೆ ಆಶ್ರಯ ಪಡೆದಿದ್ದ 100ಕ್ಕೂ ಹೆಚ್ಚು ಜನ ಸತ್ತರು. ಇಬ್ಬರಿಗೆ ನೂರು. ಕೆಳಗೆ ಯಾರಿದ್ದಾರೆಂದು ನೋಡುವ ಕೆಲಸ ಬಾಂಬ್ ಆರಿಸುವ ಮೊದಲೇ ಮುಗಿದಿರಬೇಕು.

ಮೂರನೆಯದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ: ಗುಂಡಿನ ಸದ್ದು ನಿಂತ ಮೇಲಿನ ಅರ್ಧ ಗಂಟೆ. 2002ರ ಅಕ್ಟೋಬರ್‌ನಲ್ಲಿ ಮಾಸ್ಕೋದ ರಂಗಮಂದಿರದಲ್ಲಿ ಒತ್ತೆಯಾಳುಗಳನ್ನು ಬಿಡಿಸಲು ಒಳಗೆ ಅರಿವಳಿಕೆ ಅನಿಲ ಬಿಟ್ಟರು. ಅನಿಲ ಬಳಸಿದ್ದೇ ತಪ್ಪು ಎಂದು ಯುರೋಪಿನ ನ್ಯಾಯಾಲಯ ಹೇಳಲಿಲ್ಲ. ಅದು ಬೊಟ್ಟು ಮಾಡಿದ್ದು ಆಮೇಲಿನ ಅವ್ಯವಸ್ಥೆಯ ಕಡೆಗೆ. ಯಾವ ಅನಿಲವೆಂದು ವೈದ್ಯರಿಗೆ ಹೇಳಿರಲಿಲ್ಲ. ಪ್ರಜ್ಞೆ ತಪ್ಪಿದವರನ್ನು ಅಂಗಾತ ಮಲಗಿಸಿದ್ದರಿಂದ ನಾಲಿಗೆ ಹಿಂದಕ್ಕೆ ಬಿದ್ದು, ವಾಂತಿ ಗಂಟಲಿಗೆ ಸಿಕ್ಕಿ ಉಸಿರುಗಟ್ಟಿತು. ಬಸ್ಸುಗಳಲ್ಲಿ ತುಂಬಿ ಕಳಿಸಿದರು, ಜೊತೆಗೆ ವೈದ್ಯರಿಲ್ಲ. ಕನಿಷ್ಠ 125 ಒತ್ತೆಯಾಳುಗಳು ಸತ್ತರು. ಮಗ್ಗುಲಿಗೆ ತಿರುಗಿಸಿ ಮಲಗಿಸುವುದು ಪ್ರಥಮ ಚಿಕಿತ್ಸೆಯ ಮೊದಲ ಪಾಠ. ಶಾಲಾ ಮಕ್ಕಳಿಗೂ ಕಲಿಸುತ್ತಾರೆ.

ನಮ್ಮ ದೇಶದಲ್ಲಿ ಯಾರೂ ಓದದೇ ಉಳಿದ ತೀರ್ಪು ಇನ್ನೊಂದಿದೆ. 1988ರ ಮಾರ್ಚ್‌ನಲ್ಲಿ ಜಿಬ್ರಾಲ್ಟರ್‌ನಲ್ಲಿ ಬ್ರಿಟಿಷ್ ಸೈನಿಕರು ಐರ್ಲೆಂಡಿನ ಸಶಸ್ತ್ರ ಬಂಡುಕೋರ ಸಂಘಟನೆ ಐಆರ್‌ಎಯ ಮೂವರು ಸದಸ್ಯರನ್ನು ಗುಂಡಿಟ್ಟು ಕೊಂದರು. ಕಾರಿನಲ್ಲಿ ಬಾಂಬ್ ಇದೆ, ಗುಂಡಿ ಒತ್ತಿದರೆ ಸಿಡಿಯುತ್ತದೆ ಎಂದು ಸೈನಿಕರಿಗೆ ಹೇಳಿ ಕಳಿಸಿದ್ದರು. ಕಾರಿನಲ್ಲಿ ಬಾಂಬೂ ಇರಲಿಲ್ಲ, ಅವರ ಕೈಯಲ್ಲಿ ಆಯುಧವೂ ಇರಲಿಲ್ಲ. 1995ರಲ್ಲಿ ಯುರೋಪಿನ ನ್ಯಾಯಾಲಯ ಹತ್ತು–ಒಂಬತ್ತರ ಅಂತರದಲ್ಲಿ ತೀರ್ಪು ಕೊಟ್ಟಿತು. ಸೈನಿಕರು ತಮಗೆ ಹೇಳಿದ್ದನ್ನು ಪ್ರಾಮಾಣಿಕವಾಗಿ ನಂಬಿ ಗುಂಡು ಹಾರಿಸಿದರು, ಹೊಣೆ ಇರುವುದು ಊಹೆಯನ್ನು ಖಚಿತ ಮಾಹಿತಿ ಎಂದು ದಾಟಿಸಿದ ಯೋಜನೆಯದ್ದು, ಅದನ್ನು ನಡೆಸಿದವರದ್ದು. ಜವಾನನ ಪರವಾಗಿ ಇದಕ್ಕಿಂತ ಒಳ್ಳೆಯ ತರ್ಕ ನಮಗೆ ಕಾಣದು. ಹೊಣೆಗಾರಿಕೆ ಎಂದರೆ ಗುಂಡು ಹಾರಿಸಿದವನ ಕೊರಳಿಗೆ ಹಗ್ಗ ಎಂದು ಹೆದರಿಸುವವರು ಈ ತೀರ್ಪನ್ನು ಮುಚ್ಚಿಡುತ್ತಾರೆ. ತನಿಖೆ ನಡೆಯದಿದ್ದರೆ ತಪ್ಪು ಮಾಹಿತಿ ಕೊಟ್ಟ ಮೇಲಿನವರು ಬಚಾವಾಗುತ್ತಾರೆ, ಊರವರ ಬಾಯಲ್ಲಿ ಕೆಟ್ಟವನಾಗುವವನು ಬಂದೂಕು ಹಿಡಿದವನೊಬ್ಬನೇ.

ಇನ್ನು ತನಿಖೆ. ಪ್ರಕರಣ ಉಳಿಯುವುದೋ ಸಾಯುವುದೋ ಮೊದಲ ದಿನವೇ ತೀರ್ಮಾನವಾಗುತ್ತದೆ. ಸಂಶಯಾಸ್ಪದ ಸಾವುಗಳ ತನಿಖೆಗೆ ವಿಶ್ವಸಂಸ್ಥೆಯ ಮಿನ್ನೆಸೋಟ ಕೈಪಿಡಿ ಇದೆ, 2016ರಲ್ಲಿ ಪರಿಷ್ಕರಿಸಿದ್ದು. ನಮ್ಮಲ್ಲೇ ಸುಪ್ರೀಂ ಕೋರ್ಟ್ 2014ರ ಸೆಪ್ಟೆಂಬರ್ 23ರಂದು ಪೊಲೀಸ್ ಎನ್‌ಕೌಂಟರ್‌ಗಳಿಗೆ 16 ಸೂಚನೆಗಳನ್ನು ಕೊಟ್ಟಿದೆ. ಎಫ್‌ಐಆರ್ ಆಗಲೇಬೇಕು. ಸುಳಿವು ಬಂದದ್ದನ್ನು ಕಾರ್ಯಾಚರಣೆಗೆ ಮೊದಲೇ ಯಾವುದಾದರೂ ರೂಪದಲ್ಲಿ ದಾಖಲಿಸಿರಬೇಕು. ಆಮೇಲೆ ಕತೆ ಕಟ್ಟುವುದನ್ನು ತಡೆಯುವುದೇ ಈ ಒಂದು ಸಾಲು. ಗುಂಡು ಹಾರಿಸಿದ ಠಾಣೆಯವರು ತನಿಖೆ ಮಾಡುವಂತಿಲ್ಲ, ಸಿಐಡಿ ಅಥವಾ ಬೇರೆ ಠಾಣೆಯ ತಂಡ ಮಾಡಬೇಕು. ಶವಪರೀಕ್ಷೆ ಜಿಲ್ಲಾಸ್ಪತ್ರೆಯಲ್ಲಿ ಇಬ್ಬರು ವೈದ್ಯರಿಂದ, ವಿಡಿಯೊ ಸಮೇತ. ಹಾರಿಸಿದ ಬಂದೂಕುಗಳನ್ನು ಪರೀಕ್ಷೆಗೆ ಒಪ್ಪಿಸಬೇಕು. ಮ್ಯಾಜಿಸ್ಟ್ರೇಟ್ ವಿಚಾರಣೆ ಕಡ್ಡಾಯ. ಘಟನೆಯ ಬೆನ್ನಿಗೇ ಬಡ್ತಿಯೂ ಇಲ್ಲ, ಶೌರ್ಯ ಪದಕವೂ ಇಲ್ಲ.

ಕಾಗದದ ಮೇಲೆ ಇದು ಚೆನ್ನ. ಕೆಡುವುದು ಸಣ್ಣ ಕೈಕೆಲಸದಲ್ಲಿ. ಉದಾಹರಣೆಗೆ, ಸತ್ತವನ ರಕ್ತಸಿಕ್ತ ಅಂಗಿ. ಅದನ್ನು ನೆರಳಿನಲ್ಲಿ ಪೂರ್ತಿ ಒಣಗಿಸಿ, ಪ್ರತಿ ಬಟ್ಟೆಯನ್ನೂ ಬೇರೆ ಬೇರೆ ಕಾಗದದ ಲಕೋಟೆಯಲ್ಲಿ ಹಾಕಿ ಸೀಲ್ ಮಾಡಬೇಕು. ಹಸಿಯಾಗಿದ್ದಾಗಲೇ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ನಾಲ್ಕು ದಿನದಲ್ಲಿ ಬೂಷ್ಟು ಹಿಡಿಯುತ್ತದೆ, ಗುಂಡು ಹೊಕ್ಕ ತೂತಿನ ಸುತ್ತಲಿನ ಮಸಿ ಮತ್ತು ಮದ್ದಿನ ಚುಕ್ಕೆ ಹಾಳಾಗುತ್ತವೆ. ಗುಂಡು ಮೈಗೆ ಒತ್ತಿ ಹಾರಿದ್ದೋ, ಒಂದೆರಡು ಅಡಿಯಿಂದಲೋ, ದೂರದಿಂದಲೋ ಎಂದು ಹೇಳುವುದು ಆ ಮಸಿಯೇ. ಗುಂಡಿನ ಚಕಮಕಿ ಎಂಬ ಹೇಳಿಕೆ ನಿಲ್ಲುವುದೂ ಬೀಳುವುದೂ ಅದರ ಮೇಲೆ. ಸತ್ತವನ ಎರಡೂ ಕೈಗಳಿಗೆ ಸ್ಥಳದಲ್ಲೇ ಕಾಗದದ ಚೀಲ ಕಟ್ಟಬೇಕು, ತೊಳೆದರೆ ಅವನು ಬಂದೂಕು ಹಿಡಿದಿದ್ದನೇ ಎಂಬ ಪ್ರಶ್ನೆಗೆ ಉತ್ತರವೂ ತೊಳೆದುಹೋಗುತ್ತದೆ. ಕೊಯ್ಯುವ ಮೊದಲು ಇಡೀ ದೇಹದ ಎಕ್ಸ್‌ರೇ ತೆಗೆದರೆ ಒಳಗೆ ಉಳಿದ ಗುಂಡು ಸಿಗುತ್ತದೆ, ಆ ಗುಂಡು ಯಾವ ಬಂದೂಕಿನದ್ದೆಂದು ಹೊಂದಿಸಿ ನೋಡಬಹುದು. ಇದಕ್ಕೆಲ್ಲ ಕೋಟಿ ಬೇಕಿಲ್ಲ. ಕಾಗದದ ಲಕೋಟೆ, ಒಂದು ಎಕ್ಸ್‌ರೇ ಯಂತ್ರ, ಘಟನೆಯ ಜಾಗವನ್ನು ತುಳಿದು ಕೆಡಿಸದಂತೆ ಕಟ್ಟುವ ಹಗ್ಗ.

ಮೇಲಿನ 16 ಸೂಚನೆಗಳು ಪೊಲೀಸರಿಗಷ್ಟೇ. ಸೇನೆಗೆ ಮತ್ತು ಕೇಂದ್ರದ ಪಡೆಗಳಿಗೆ ಬಂದಾಗ ಬಾಗಿಲು ಒಂದೊಂದಾಗಿ ಮುಚ್ಚುತ್ತದೆ. 1993ರ ಮಾನವ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ರಾಷ್ಟ್ರೀಯ ಆಯೋಗ ಸಶಸ್ತ್ರ ಪಡೆಗಳ ಮೇಲಿನ ದೂರಿಗೆ ತಾನೇ ತನಿಖೆ ಮಾಡುವಂತಿಲ್ಲ, ಕೇಂದ್ರದಿಂದ ವರದಿ ಕೇಳಬಹುದು, ಶಿಫಾರಸು ಮಾಡಬಹುದು. ಆರೋಪ ಹೊತ್ತವರ ಇಲಾಖೆಯೇ ಬರೆದ ವರದಿ ಓದಿ ಶಿಫಾರಸು! 1960ರ ಜಿನೀವಾ ಒಪ್ಪಂದಗಳ ಕಾಯ್ದೆ ಇದೆಯಲ್ಲ ಅಂದರೆ, ಅದರ 17ನೇ ಸೆಕ್ಷನ್ ಪ್ರಕಾರ ಸರ್ಕಾರ ಅಥವಾ ಅದು ಸೂಚಿಸಿದ ಅಧಿಕಾರಿ ದೂರು ಕೊಡದೆ ಯಾವ ಕೋರ್ಟೂ ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯದ ರೋಮ್ ಶಾಸನಕ್ಕೆ ಭಾರತ ಸೇರಿಲ್ಲ. 1977ರ ಹೆಚ್ಚುವರಿ ಜಿನೀವಾ ಶಿಷ್ಟಾಚಾರಗಳಿಗೂ ಇಲ್ಲ. ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ 1997ರಲ್ಲಿ ಸಹಿ ಹಾಕಿ ಸ್ಥಿರೀಕರಿಸದೆ ಬಿಟ್ಟಿದ್ದೇವೆ. ಸಂತ್ರಸ್ತರು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿಗೆ ನೇರ ದೂರು ಕೊಡುವ ಐಚ್ಛಿಕ ಶಿಷ್ಟಾಚಾರವನ್ನೂ ಒಪ್ಪಿಲ್ಲ.

ಉಳಿದದ್ದು ನಮ್ಮ ಕ್ರಿಮಿನಲ್ ಕೋರ್ಟು. ಅದರ ಬಾಗಿಲಲ್ಲಿ ವಿಶೇಷಾಧಿಕಾರ ಕಾಯ್ದೆಯ 6ನೇ ಸೆಕ್ಷನ್ ನಿಂತಿದೆ. ಕೇಂದ್ರದ ಪೂರ್ವಾನುಮತಿ ಇಲ್ಲದೆ ಪ್ರಾಸಿಕ್ಯೂಷನ್ ಇಲ್ಲ, ಸಿವಿಲ್ ದಾವೆಯೂ ಇಲ್ಲ. ಗಡುವಿಲ್ಲ. ಕಾರಣ ಬರೆದು ತಿಳಿಸಬೇಕೆಂಬ ಮಾತೂ ಆ ಸೆಕ್ಷನ್‌ನಲ್ಲಿಲ್ಲ. ಮಂಡ್ಯ ಜಿಲ್ಲೆಯ ಯಾವುದೋ ಊರಿನಲ್ಲಿ ಗ್ರಾಮ ಲೆಕ್ಕಿಗ ಪಹಣಿಗೆ ಲಂಚ ತೆಗೆದುಕೊಂಡು ಸಿಕ್ಕಿಬಿದ್ದರೆ ಅನುಮತಿಯ ತೀರ್ಮಾನಕ್ಕೆ ಭ್ರಷ್ಟಾಚಾರ ತಡೆ ಕಾಯ್ದೆ ಕೊಡುವ ಸಮಯ ಮೂರು ತಿಂಗಳು, ಹೆಚ್ಚೆಂದರೆ ಇನ್ನೊಂದು. ಹೊಸ ನಾಗರಿಕ ಸುರಕ್ಷಾ ಸಂಹಿತೆಯ 218ನೇ ಸೆಕ್ಷನ್ ಇತರ ಸರ್ಕಾರಿ ನೌಕರರ ಮಟ್ಟಿಗೆ 120 ದಿನ ಕೊಡುತ್ತದೆ, ಅಷ್ಟರಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಿತೆಂದೇ ಲೆಕ್ಕ. ಹದಿನಾಲ್ಕು ನಾಗರಿಕರ ಸಾವಿಗೆ ಮಾತ್ರ ಈ ಯಾವ ಗಡುವೂ ತಾಗುವುದಿಲ್ಲ.

ಸಂಖ್ಯೆಯೂ ಇದನ್ನೇ ಹೇಳುತ್ತದೆ. 2018ರ ಜನವರಿಯಲ್ಲಿ ರಕ್ಷಣಾ ಸಚಿವಾಲಯ ರಾಜ್ಯಸಭೆಗೆ ಕೊಟ್ಟ ಉತ್ತರದಲ್ಲಿ, ಜಮ್ಮು–ಕಾಶ್ಮೀರದಿಂದ 2001ರಿಂದೀಚೆಗೆ ಬಂದ 50 ಕೋರಿಕೆಗಳಲ್ಲಿ 47ಕ್ಕೆ ಅನುಮತಿ ನಿರಾಕರಿಸಲಾಗಿದೆ, 3 ಬಾಕಿ ಇವೆ ಎಂದಿತ್ತು. ಒಪ್ಪಿದ್ದು ಸೊನ್ನೆ. ಎಲ್ಲ 47ರಲ್ಲೂ ಸಾಕ್ಷ್ಯ ಸಾಲದೇ ಇದ್ದಿತು ಎಂದು ನಂಬೋಣವೆಂದರೆ, ಮಣಿಪುರದ ಅನುಭವ ಅಡ್ಡ ಬರುತ್ತದೆ. ಅಲ್ಲಿ 1,528 ಸಾವುಗಳ ಪಟ್ಟಿ ಹಿಡಿದು ಮನೆಯವರು ಸುಪ್ರೀಂ ಕೋರ್ಟಿಗೆ ಹೋದಾಗ, ನಮ್ಮವರೇ ಆದ ನ್ಯಾಯಮೂರ್ತಿ ಸಂತೋಷ್ ಹೆಗ್ಡೆ ಅವರ ಸಮಿತಿ 2013ರಲ್ಲಿ ಮಾದರಿಗೆಂದು ಆರು ಪ್ರಕರಣ ತೆಗೆದು ನೋಡಿತು. ಆರರಲ್ಲಿ ಒಂದೂ ನಿಜವಾದ ಎನ್‌ಕೌಂಟರ್ ಆಗಿರಲಿಲ್ಲ. ಸತ್ತವನು ಉಗ್ರನೇ ಆಗಿರಲಿ, ಸಾಮಾನ್ಯನೇ ಆಗಿರಲಿ, ಕಾನೂನು ಒಂದೇ ಎಂದು ಕೋರ್ಟ್ 2016ರ ಜುಲೈ 8ರಂದು ಹೇಳಿತು.

ನಮ್ಮ ಕೋರಿಕೆ ದೊಡ್ಡದಲ್ಲ. ವಿಶೇಷಾಧಿಕಾರ ಕಾಯ್ದೆಯನ್ನೇ ತೆಗೆಯಿರಿ ಎಂಬ ವಾದ ಬೇರೆ ಇದೆ, 2005ರಲ್ಲಿ ನ್ಯಾಯಮೂರ್ತಿ ಜೀವನ್ ರೆಡ್ಡಿ ಸಮಿತಿಯೇ ಅದನ್ನು ಹೇಳಿತು. ಈ ಪತ್ರದಲ್ಲಿ ಅದಕ್ಕೆ ಹೋಗುವುದಿಲ್ಲ. 6ನೇ ಸೆಕ್ಷನ್‌ಗೆ ಎರಡು ಸಾಲು ಸೇರಿಸಲಿ: 120 ದಿನದ ಗಡುವು, ನಿರಾಕರಿಸಿದರೆ ಸತ್ತವರ ಮನೆಯವರಿಗೆ ಕಾರಣ ಬರೆದ ಆದೇಶದ ಪ್ರತಿ. ಕಾರಣ ಕಾಗದದ ಮೇಲೆ ಬಂದರೆ ಹೈಕೋರ್ಟಿನಲ್ಲಿ ಅದನ್ನು ಪ್ರಶ್ನಿಸಬಹುದು. ಬಾರದಿದ್ದರೆ ಏನನ್ನು ಪ್ರಶ್ನಿಸುವುದು? ಜೊತೆಗೆ ಮಾನವ ಹಕ್ಕುಗಳ ಕಾಯ್ದೆಯ 19ನೇ ಸೆಕ್ಷನ್‌ನಲ್ಲಿ, ಸಾವಿನ ಪ್ರಕರಣಗಳಲ್ಲಾದರೂ ಆಯೋಗವೇ ತನಿಖೆ ಮಾಡಲು ಅವಕಾಶ ಬರಲಿ.

ತಿದ್ದುಪಡಿ ತಡವಾದೀತು. ಪ್ರಶ್ನೆ ತಡವಾಗಬೇಕಿಲ್ಲ. ಮಂಡ್ಯದ ಸದಸ್ಯರು ಕೇಂದ್ರ ಸಚಿವರಾದ್ದರಿಂದ ಅವರು ಪ್ರಶ್ನೆ ಕೇಳುವ ಸಾಲಿನಲ್ಲಿಲ್ಲ, ಉತ್ತರಿಸುವ ಸಾಲಿನಲ್ಲಿದ್ದಾರೆ. ಅವರು ಸಂಪುಟದೊಳಗೆ ಮಾತಾಡಲಿ. ಉಳಿದಿಬ್ಬರೂ ಕೇಳಬಹುದು. ಹದಿನೈದು ಪೂರ್ಣ ದಿನ ಮೊದಲು ನೋಟಿಸ್, 150 ಪದದೊಳಗೆ. ವಿಚಾರಣೆಯಲ್ಲಿರುವ ಪ್ರಕರಣದ ಹೆಸರೆತ್ತಿದರೆ ಅದೇ ನೆಪದಲ್ಲಿ ತಿರಸ್ಕೃತವಾಗುತ್ತದೆ, ಆದ್ದರಿಂದ ಓಟಿಂಗ್ ಎಂದು ಬರೆಯಬೇಡಿ, ಸಂಖ್ಯೆಯನ್ನಷ್ಟೇ ಕೇಳಿ. ಸದನದಲ್ಲಿ ಬಾಯಿಮಾತಿನ ಉತ್ತರ ಬೇಡುವ ಚುಕ್ಕೆ ಗುರುತಿನ ಪ್ರಶ್ನೆ ಚೀಟಿ ಎತ್ತುವಾಗ ಬೀಳದಿದ್ದರೂ ಚುಕ್ಕೆ ರಹಿತವಾಗಿ ಲಿಖಿತ ಉತ್ತರ ಬಂದರೆ ಸಾಕು, ನಮಗೆ ಬೇಕಿರುವುದು ಲಿಖಿತವೇ. ಕರಡು ಇಲ್ಲಿದೆ, ಹಾಗೆಯೇ ಕಳಿಸಬಹುದು:

“ಮಾನ್ಯ ರಕ್ಷಣಾ ಸಚಿವರು ದಯವಿಟ್ಟು ತಿಳಿಸುವರೇ: (ಅ) 2017ರ ಜನವರಿ 1ರಿಂದ ಇಂದಿನವರೆಗೆ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯ್ದೆಗಳಡಿ ಪ್ರಾಸಿಕ್ಯೂಷನ್ ಅನುಮತಿ ಕೋರಿ ಬಂದ ಅರ್ಜಿಗಳೆಷ್ಟು, ರಾಜ್ಯವಾರು ಮತ್ತು ವರ್ಷವಾರು, (ಆ) ಅವುಗಳಲ್ಲಿ ಒಪ್ಪಿದ್ದು, ನಿರಾಕರಿಸಿದ್ದು, ಬಾಕಿ ಇರುವುದು ಎಷ್ಟು, ಪ್ರತಿಯೊಂದರ ತೀರ್ಮಾನಕ್ಕೆ ಹಿಡಿದ ದಿನಗಳೆಷ್ಟು, (ಇ) ನಿರಾಕರಣೆಯ ಕಾರಣಗಳನ್ನು ಮೃತರ ಕುಟುಂಬಕ್ಕೆ ಲಿಖಿತವಾಗಿ ತಿಳಿಸಿದ ಪ್ರಕರಣಗಳೆಷ್ಟು, (ಈ) ಅನುಮತಿ ನಿರಾಕರಿಸಿದ ಪ್ರಕರಣಗಳಲ್ಲಿ ಸೇನಾ ನ್ಯಾಯಾಲಯದ ವಿಚಾರಣೆ ನಡೆದದ್ದು ಎಷ್ಟರಲ್ಲಿ, ಶಿಕ್ಷೆ ಆದದ್ದು ಎಷ್ಟರಲ್ಲಿ?”

‘ಇ’ ಭಾಗವನ್ನು ಮಾತ್ರ ಬಿಡಬೇಡಿ. ಮೊದಲ ಎರಡಕ್ಕೆ ಕೋಷ್ಟಕ ಕೊಟ್ಟು, ಮೂರನೆಯದಕ್ಕೆ ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು. ಬಂದರೆ ಅದನ್ನು ಸದನಕ್ಕೆ ಕೊಟ್ಟ ಭರವಸೆ ಎಂದು ದಾಖಲಿಸಿ, ಸರ್ಕಾರಿ ಭರವಸೆಗಳ ಸಮಿತಿಗೆ ಒಯ್ಯುವಂತೆ ಕೇಳಿ. ಉತ್ತರದ ಒಂದು ಪ್ರತಿಯನ್ನು ನಿಮ್ಮ ಕ್ಷೇತ್ರ ಕಚೇರಿಯ ಫಲಕಕ್ಕೆ ಅಂಟಿಸಿದರೆ ನಾವು ಬಂದು ಓದಿಕೊಳ್ಳುತ್ತೇವೆ.

ಇಂತಿ,
ಮೈಸೂರು ಮತ್ತು ಮಂಡ್ಯದ ಕೆಲವು ವಕೀಲರು ಹಾಗೂ ಕಾನೂನು ಬೋಧಕರು